ಕೈ ನಡುಗದ ಹುಡುಗಿ

ದೇವರಾಯಸಮುದ್ರ
12-2-2025

ಪ್ರೀತಿಯ ಅಮ್ಮಾ,

ನಿನ್ನ ಅರೆತಲೆನೋವು ಹೇಗಿದೆ? ಮಾಸ್ತಿಯ ಬಿಸಿಲಲ್ಲಿ ತಲೆಗೆ ಸೆರಗು ಹೊದೆಯದೆ ಡೈರಿಗೆ ಹಾಲು ಹಾಕಲು ಹೋಗಬೇಡ. ನೋವು ಕಮ್ಮಿಯಾಯಿತೆಂದು ದಿನದ ಮಾತ್ರೆಯನ್ನು ನೀನೇ ನಿಲ್ಲಿಸಲೂಬೇಡ. ಅದನ್ನು ಒಮ್ಮೆಲೇ ಬಿಟ್ಟರೆ ಎದೆ ಹುಚ್ಚಾಪಟ್ಟೆ ಹೊಡೆದುಕೊಳ್ಳುತ್ತದಂತೆ. ಫೋನು ಮಾಡಿದರೆ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀಯ, ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ. ಬರುವ ಭಾನುವಾರ ತಂಗಿ ಮೌನಿಕಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ವೆಂಕಟ್ ಮಾವ ಹೇಳಿದರು. ಅವಳಿಗೂ ನಿನ್ನ ಮಾತ್ರೆ ಕೊಟ್ಟುಬಿಡುತ್ತೀಯೇನೋ ಎಂದು ನನಗೆ ಭಯ.

ನಂದೀಶ್ ಮನೆಯವರು ನನ್ನನ್ನು ನೋಡಲು ಬಂದದ್ದೂ ಭಾನುವಾರವೇ. ರಾಹುಕಾಲ ಕಳೆಯಲಿ ಎಂದು ಅವರು ನಡುಮನೆಯಲ್ಲಿ ಒಂದೂವರೆ ಗಂಟೆ ಕೂತಿದ್ದರು. ಆಗ ನಂದೀಶ್ ತನ್ನ ತಾಯಿಗೆ, "ಬಾಯ್ಮುಚ್ಕೊಂಡು ಕೂತ್ಕೋ" ಎಂದದ್ದು ಅಡುಗೆಮನೆಯಲ್ಲಿದ್ದ ನಮ್ಮಿಬ್ಬರಿಗೂ ಕೇಳಿತು. ನನ್ನ ಕೈಯಲ್ಲಿದ್ದ ಲೋಟಗಳು ಗಲಗಲ ಎಂದವು. ನೀನು ಡಬ್ಬಿಯಿಂದ ನಿನ್ನ ಮಾತ್ರೆ ತೆಗೆದು, "ನುಂಗ್ಬಿಡು ತಲ್ಲೀ, ಕೈ ನಡುಗಲ್ಲ" ಎಂದೆ. ರಾಹುಕಾಲ ಮುಗಿಯುವ ಹೊತ್ತಿಗೆ ಕೈ ಕಲ್ಲಾಗಿತ್ತು, ಕಾಫಿ ತುಳುಕಲಿಲ್ಲ. ಧೈರ್ಯದ ಹುಡುಗಿ ಎಂದು ಒಪ್ಪಿಕೊಂಡರು. ನೀನು ಬೀದಿಗೆಲ್ಲ ಸಕ್ಕರೆ ಹಂಚಿದೆ.

ಈಗ ಅವನು ಗೇಟು ತೆಗೆದ ಸದ್ದಿಗೇ ನನ್ನ ಕೈ ನಡುಗುತ್ತದೆ. ಅವತ್ತು ನಡುಗದ ಕೈ ಇವತ್ತು ನಾಟಕ ಆಡುತ್ತಿದೆ ಎನ್ನುತ್ತಾನೆ. ಮುಳಬಾಗಿಲಿನ ಡಾಕ್ಟರಮ್ಮನಿಗೆ ತೋರಿಸಿದೆ. ಬರೆದುಕೊಟ್ಟದ್ದು ನಿನ್ನದೇ ಮಾತ್ರೆ! ಬೀಟಾ ಬ್ಲಾಕರ್ ಅನ್ನುತ್ತಾರಂತೆ. ಈ ಜಾತಿಯವನ್ನು ಬಿಪಿಗೆ, ಎದೆನೋವಿಗೆ, ತಾಳ ತಪ್ಪಿದ ಎದೆಬಡಿತಕ್ಕೆ, ಅರೆತಲೆನೋವಿಗೆ, ಕೈನಡುಕಕ್ಕೆ ಕೊಡುತ್ತಾರಂತೆ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರಿ ಎದೆಯ ಕದ ತಟ್ಟುತ್ತದೆ, ಮಾತ್ರೆ ಆ ಕದಕ್ಕೆ ಅಡ್ಡ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. "ಹೆದರಿಕೆಗೆ ಕಾರಣ ಹೋಗಲ್ಲಮ್ಮ, ಎದೆಗೆ ಸುದ್ದಿ ಮುಟ್ಟಲ್ಲ ಅಷ್ಟೇ" ಎಂದರು. ಅವತ್ತು ನನ್ನ ಮೈ ಬೇಡ ಎನ್ನುತ್ತಿತ್ತು ಅಮ್ಮಾ. ನೀನೂ ಕೇಳಿಸಿಕೊಂಡಿದ್ದೆ, ಆದರೂ ಅದನ್ನು ಸುಮ್ಮನಾಗಿಸಿದೆ. ಹೆತ್ತವಳಿಗೆ ಹೀಗೆ ಬರೆಯಬಾರದು, ಆದರೆ ಸಿಟ್ಟು ಇಳಿಯುತ್ತಿಲ್ಲ.

ಅಪ್ಪನಿಗೆ ನಮಸ್ಕಾರ ತಿಳಿಸು. ಹಸು ಕರು ಹಾಕಿತೇ?

ನಿನ್ನ ಮಗಳು,
ರಂಜಿತ

ಮುಖ್ಯವಾದದ್ದೇ ಬಿಟ್ಟುಹೋಯಿತು: ಮಾತ್ರೆ ಬರೆಯುವ ಮುಂಚೆ ಡಾಕ್ಟರಮ್ಮ ಉಬ್ಬಸ ಇದೆಯಾ ಎಂದು ಎರಡು ಸಲ ಕೇಳಿದರು. ಉಬ್ಬಸದವರಿಗೆ ಇದು ಉಸಿರಿನ ದಾರಿಯನ್ನೇ ಬಿಗಿಯುತ್ತದಂತೆ, ಜೀವಕ್ಕೇ ಅಪಾಯವಂತೆ. ಮೌನಿಕಾಗೆ ಚಳಿಗಾಲವೆಲ್ಲ ಉಬ್ಬಸ. ಕೊಡಬೇಡ. ಅವಳ ಕೈ ನಡುಗಿದರೆ ನಡುಗಲಿ, ಕಾಫಿ ಅವರ ಪಂಚೆಯ ಮೇಲೇ ಚೆಲ್ಲಲಿ.