ಮುಚ್ಚಿಹೋದ ಸರ್ಕಾರದ ಅನುಭವ ಪತ್ರ

ಡೆಸ್ ಪ್ಲೇನ್ಸ್, ಚಿಕಾಗೋ
೧೪ ಅಕ್ಟೋಬರ್ ೨೦೨೪

ನಿರುಪಮಾ,

ಕನ್ನಡ ಕೂಟದ ಭಾನುಪ್ರಿಯಾ ಕಳೆದ ತಿಂಗಳು ವಿಕ್ಸಮ್‌ನ ಗ್ಯಾಸ್ ಸ್ಟೇಷನ್ನಿನಲ್ಲಿ ನೋಡಿದ್ದು ನನ್ನನ್ನೇ. ನೀನು ಫೋನ್ ಮಾಡಿ, "ಮನೆಗೆ ಎರಡು ಮೈಲಿ ಹತ್ತಿರ ಬಂದು ಹಾಗೇ ಹೋದ್ರಲ್ಲ, ಕಾಫಿ ಕೊಟ್ಟು ಬಿಲ್ ಕೇಳ್ತಾಳೆ ಅಂದ್ಕೊಂಡ್ರಾ?" ಎಂದಾಗ, ಆಫೀಸಿನ ಕೆಲಸವಿತ್ತು ಎಂದೆ. ಇರಲಿಲ್ಲ. ಫೋನಿನಲ್ಲಿ ನನಗೆ ಯಾವುದನ್ನೂ ನೆಟ್ಟಗೆ ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಅಂದು ಕಾರಿನಲ್ಲಿ ನಸ್ರತುಲ್ಲಾ ಸಾಹೇಬರನ್ನು ಕರೆದುಕೊಂಡು ಬಂದಿದ್ದೆ. ನಾನು ಸಾಫ್ಟ್‌ವೇರ್ ನೋಡಿಕೊಳ್ಳುವ ಗೋದಾಮಿನಲ್ಲಿ, ಗಿರಾಕಿಗಳು ವಾಪಸ್ ಕಳಿಸಿದ ಪಾರ್ಸೆಲ್ ಬಿಚ್ಚಿ ಸ್ಕ್ಯಾನ್ ಮಾಡುವುದು ಅವರ ಕೆಲಸ. ಅರವತ್ತೊಂದು ವರ್ಷ. ಅಫ್ಘಾನಿಸ್ತಾನದ ಹಿಂದಿನ ಸರ್ಕಾರದಲ್ಲಿ ಹದಿನಾಲ್ಕು ತಿಂಗಳು ನೀರಾವರಿ ಸಚಿವರಾಗಿದ್ದವರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದರಿಂದ ಹಿಂದಿ ಚೆನ್ನಾಗಿ ಬರುತ್ತದೆ. ಊಟದ ಹೊತ್ತಿನಲ್ಲಿ ಅವರ ಕಥೆಯನ್ನು ತುಂಡುತುಂಡಾಗಿ ಕೇಳಿದ್ದೆ. ಮೊದಲು ಒಂದು ಜಿಲ್ಲೆಯಲ್ಲಿ ಕಾಲುವೆಯ ಹೂಳು ತೆಗೆಸುವ ಕಿರಿಯ ಎಂಜಿನಿಯರ್, ಆಮೇಲೆ ಇಡೀ ಪ್ರಾಂತಕ್ಕೆ ಮುಖ್ಯಸ್ಥ, ಕೊನೆಗೆ ಸಚಿವ. ಸಚಿವನಾದ ಮೇಲೆ ಕಾಲುವೆ ನೋಡಿದ್ದೆಲ್ಲ ಕಾರಿನ ಕಿಟಕಿಯಿಂದ ಎಂದು ಒಮ್ಮೆ ನಕ್ಕರು.

ಆಗಸ್ಟಿನಲ್ಲಿ ಇಲ್ಲಿನ ಒಂದು ಕೌಂಟಿಯ ನೀರಿನ ಇಲಾಖೆಗೆ ಎಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕಿದರು. ಪದವಿಯ ಕಾಗದ ಇತ್ತು. ಅನುಭವಕ್ಕೆ ಪುರಾವೆ ಕೊಡಿ ಎಂದರು. ಯಾವ ಸರ್ಕಾರವನ್ನು ಕೇಳುವುದು? ಎಕ್ಸ್‌ಪೀರಿಯೆನ್ಸ್ ಲೆಟರ್ ಎಂದರೆ ನಮ್ಮವರಿಗೆ ಎಷ್ಟು ಭಕ್ತಿ ಎಂದು ನಿನಗೆ ಗೊತ್ತು. ನನ್ನ ಗ್ರೀನ್ ಕಾರ್ಡಿನ ಹೊತ್ತಿಗೆ ಬೆಂಗಳೂರಿನ ಕಂಪನಿ ಮುಚ್ಚಿಹೋಗಿ, ಜತೆಗೆ ಕೆಲಸ ಮಾಡಿದ್ದ ವಿಜಯ್ ಕುಮಾರನಿಂದ ಬರೆಸಿಕೊಂಡೆವಲ್ಲ? ಕಂಪನಿಗೆ ನಡೆದದ್ದು ಸರ್ಕಾರಕ್ಕೂ ನಡೆಯಬಹುದು ಎಂದೆ. ಇಲಾಖೆಯವರು ಒಪ್ಪಿದರು. ಜತೆಗೆ ಕೆಲಸ ಮಾಡಿದವರು ಅಮೆರಿಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ನಾನು ಕೇಳಿದಾಗ ಸಾಹೇಬರು ಎರಡು ದಿನ ಬಿಟ್ಟು ಒಂದು ಹೆಸರು ಹೇಳಿದರು. ಬಹ್ರಾಮ್. ಆಗ ಅವರ ಮುಖ್ಯ ಎಂಜಿನಿಯರ್, ಈಗ ನಿನ್ನ ಪಕ್ಕದ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾರೆ.

ಕರಡನ್ನು ನಾನೇ ಬರೆದೆ. ನಮ್ಮ ಗ್ರೀನ್ ಕಾರ್ಡಿನ ವಕೀಲರ ಮಾದರಿಯಲ್ಲಿ, ಪ್ರತಿ ವಾಕ್ಯದಲ್ಲೂ ಸಾಹೇಬರು ಏನನ್ನಾದರೂ ಮುನ್ನಡೆಸುತ್ತಿರುವ ಹಾಗೆ. ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದೆವು. ಬಹ್ರಾಮ್ ಚಹಾ ಕೊಟ್ಟರು, ಬಾದಾಮಿ ಇಟ್ಟರು, ಕನ್ನಡಕ ಹಾಕಿಕೊಂಡು ಓದಿದರು. ಜಲಾಶಯವೊಂದನ್ನು ನಿಗದಿಯಾದ ದಿನಕ್ಕಿಂತ ಮೊದಲೇ ಪೂರೈಸಿದರು ಎಂಬಲ್ಲಿ ನಿಲ್ಲಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನು ಎಂದೆ.

"ಚೆನ್ನಾಗಿ ಬರೀತೀರಿ. ನಮ್ಮ ಇಲಾಖೆಯಲ್ಲಿ ಇರಬೇಕಾದವರು ನೀವು."

ಆಮೇಲೆ ಹೇಳಿದರು. ಏರಿಯ ಮಣ್ಣು ಇನ್ನೂ ಕೂತಿಲ್ಲ, ನೀರು ತುಂಬಿಸಬೇಡಿ ಎಂದು ಅವರು ಸಚಿವರಿಗೆ ಬರಹದಲ್ಲಿ ಟಿಪ್ಪಣಿ ಕೊಟ್ಟಿದ್ದರಂತೆ. ಉದ್ಘಾಟನೆಯ ದಿನ ಗೊತ್ತಾಗಿಬಿಟ್ಟಿತ್ತು, ಸಚಿವರು ತುಂಬಿಸಿದರು. ಒಂಬತ್ತನೆಯ ದಿನ ಏರಿ ಒಡೆದು ನಲವತ್ತು ಮನೆ ಹೋದವು. ತೂಬಿನ ಕಾವಲುಗಾರ ಸತ್ತ. ಅಂಥ ಟಿಪ್ಪಣಿ ತಮಗೆ ಬಂದೇ ಇಲ್ಲ ಎಂದು ಸಚಿವರು ಹೇಳಿ ಬಹ್ರಾಮರನ್ನು ಕೆಲಸದಿಂದ ತೆಗೆದರು.

"ಅದನ್ನೂ ಸೇರಿಸಿ, ಸಹಿ ಹಾಕ್ತೀನಿ. ಆಗಲ್ಲ ಅಂದ್ರೆ ಚಹಾ ಮುಗಿಸಿ ಹೊರಡಿ, ದೂರ ಹೋಗಬೇಕು ನೀವು."

ಸಾಹೇಬರನ್ನು ಹೊರಗೆ ಕರೆದು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ಈ ದೇಶದ ಫಾರಮ್ಮುಗಳ ರೀತಿ, ಆ ಸಾಲು ಸೇರಿದರೆ ಕೆಲಸ ಹೋದ ಹಾಗೇ ಎಂದು ವಿವರಿಸಿದೆ. ಹದಿನೈದು ವರ್ಷ ಇಂಥದೇ ಕಾಗದ ತುಂಬಿದ ಅನುಭವದಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆ ಹದಿನಾಲ್ಕು ತಿಂಗಳು ನನಗೆ ಕರಡು ಬರೆದುಕೊಟ್ಟವರೆಲ್ಲ ನಿಮ್ಮಷ್ಟೇ ಒಳ್ಳೆಯವರು, ಚಂದ್ರಶೇಖರ್ ಭಾಯ್."

ಒಳಗೆ ಬಂದು, ಟೈಪ್ ಮಾಡಿದ್ದರ ಕೆಳಗೆ ಕೈಯಿಂದಲೇ ಇಂಗ್ಲಿಷಿನಲ್ಲಿ ಬರೆದರು: ಟಿಪ್ಪಣಿ ನನಗೆ ತಲುಪಿತ್ತು, ನಾನು ಓದಿದ್ದೆ, ಆದರೂ ತುಂಬಿಸಲು ಹೇಳಿದೆ, ತಪ್ಪನ್ನು ಬಹ್ರಾಮನ ಮೇಲೆ ಹಾಕಿದೆ. ಬಹ್ರಾಮ್ ಅದನ್ನು ನಿಂತುಕೊಂಡೇ ಓದಿದರು. ಬಚ್ಚಲಿಗೆ ಹೋಗಿ ಬಂದರು, ಮುಖ ಒದ್ದೆಯಾಗಿತ್ತು. ಇದೊಂದು ನನಗೆ ಸಾಕು, ಇದು ನನ್ನ ಹತ್ತಿರ ಇರಲಿ, ಇವರು ಬರೆದ ಇನ್ನೊಂದು ಪ್ರತಿ ಕೊಡಿ, ಅದಕ್ಕೇ ಸಹಿ ಹಾಕುತ್ತೇನೆ ಎಂದರು.

ಇನ್ನೊಂದು ಪ್ರತಿ ನನ್ನ ಚೀಲದಲ್ಲಿತ್ತು. ತೆಗೆಯಲು ಹೋದೆ. ಸಾಹೇಬರು ಬೇಡವೆಂದು ಕೈ ಅಡ್ಡ ಇಟ್ಟರು. "ಅದರಲ್ಲಿ ನೀನೇ ಇಲ್ಲವಲ್ಲ, ಬಹ್ರಾಮ್," ಎಂದರು.

ಬಹ್ರಾಮ್ ಸಹಿ ಹಾಕಿದ, ಕೈಬರಹವಿದ್ದ ಆ ಕಾಗದವನ್ನೇ ಇಲಾಖೆಗೆ ಕಳಿಸಿದ್ದು. ಕಳೆದ ಮಂಗಳವಾರ ಉತ್ತರ ಬಂತು. ಅರ್ಜಿಯನ್ನು ಮುಂದುವರಿಸುತ್ತಿಲ್ಲ ಎಂದು ಎರಡೇ ಸಾಲು, ಕಾರಣ ಇಲ್ಲ. ಸಾಹೇಬರು ಊಟದ ಹೊತ್ತಿನಲ್ಲಿ ಫೋನ್ ತೋರಿಸಿ, ಬಹ್ರಾಮ್‌ಗೆ ಹೇಳಬೇಡಿ, ತನ್ನಿಂದಲೇ ಆಯಿತು ಎಂದುಕೊಳ್ಳುತ್ತಾನೆ ಎಂದು, ಪಾರ್ಸೆಲ್‌ಗಳ ಕಡೆ ಹೋದರು.

ಅಂದು ಸಹಿ ಆದ ಮೇಲೆ ಅವರಿಬ್ಬರೂ ತಮ್ಮ ಭಾಷೆಯಲ್ಲಿ ಮಾತಿಗೆ ಕೂತರು. ಕಾರಿಗೆ ಗ್ಯಾಸ್ ಹಾಕಿಸುವ ನೆಪ ಹೇಳಿ ನಾನು ಹೊರಟೆ. ನಿನ್ನ ಬಡಾವಣೆಯ ತಿರುವಿನವರೆಗೂ ಬಂದಿದ್ದೆ. ನೀನು ಬಾಗಿಲು ತೆಗೆದರೆ ಏನು ಹೇಳುವುದು ಎಂದು ಯೋಚಿಸುತ್ತ ಸ್ವಲ್ಪ ಹೊತ್ತು ಕಾರು ನಿಲ್ಲಿಸಿಕೊಂಡಿದ್ದು, ವಾಪಸ್ ತಿರುಗಿಸಿದೆ.

ಚಳಿ ಶುರುವಾಗುವ ಮೊದಲು ಫರ್ನೇಸಿನ ಫಿಲ್ಟರ್ ಬದಲಾಯಿಸು. ಹೊಸದು ಗ್ಯಾರೇಜಿನ ಮೇಲಿನ ಶೆಲ್ಫಿನಲ್ಲಿದೆ.

ನಿನ್ನ,
ಚಂದ್ರಶೇಖರ

ಮರೆತ ಮಾತು: ಕಂಪನಿ ನನ್ನನ್ನು ಚಿಕಾಗೋಗೆ ಹಾಕಿತು ಎಂದು ನಿಮ್ಮ ಅಮ್ಮನಿಗೂ ಕನ್ನಡ ಕೂಟದವರಿಗೂ ಎರಡು ವರ್ಷದಿಂದ ನೀನು ಹೇಳಿಕೊಂಡು ಬಂದಿದ್ದೀಯ. ನಿನಗೆ ನಾನು ಹಾಗೆಯೇ ಹೇಳಿದ್ದೆ. ಕಂಪನಿ ಹಾಕಲಿಲ್ಲ. ಡೆಟ್ರಾಯಿಟ್ ಆಫೀಸಿನಲ್ಲಿ ನನ್ನ ಜಾಗ ಇತ್ತು, ಇರು ಎಂದೇ ಅವರು ಹೇಳಿದ್ದರು. ವರ್ಗ ಬೇಕೆಂದು ನಾನೇ ಬರೆದುಕೊಟ್ಟೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಹೇಳು.