ಒಂದು ಹನಿ ಕಡಲು

ಗುರುವಾರ, ಮಾರ್ಚ್ ೧೪. ಸವುಸವು, ಫಿಜಿ.

ಮೂರು ವಾರ ಸುಳ್ಳು ಹೇಳಿದೆ. ಸೂಕ್ಷ್ಮದರ್ಶಕದಲ್ಲಿ ನನಗೆ ಕಂಡದ್ದು ನನ್ನ ರೆಪ್ಪೆಗೂದಲು ಮಾತ್ರ. ಆದರೂ ತರಗತಿಯ ಹುಡುಗರ ಮುಂದೆ, ನಿಮಗಿಂತ ಹೆಚ್ಚು ಕಂಡೆ ಎಂದು ಕೊಚ್ಚಿಕೊಂಡೆ. ನಲವತ್ತು ವರ್ಷ ಫಿಜಿಯ ಕಡಲಲ್ಲಿ ಮೀನು ಹಿಡಿದು, ಐವತ್ತೆಂಟಕ್ಕೆ ಕಾಲೇಜು ಸೇರಿದವನು ಕಾಣಲಿಲ್ಲ ಎನ್ನುವುದು ಹೇಗೆ?

ಇಂದು ಒಂದು ಹನಿ ಕಡಲ ನೀರಲ್ಲಿ ಕಂಡದ್ದರ ಚಿತ್ರ ಬರೆದು ಸಹಿ ಹಾಕಿಸಿಕೊಳ್ಳದಿದ್ದರೆ ಈ ವರ್ಷದ ಓದು ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡದೊಂದು ಮೀನು ಬರೆದುಕೊಟ್ಟೆ.

ಪಾಠ ಹೇಳುವ ಲಿತಿಯಾನಾ ನನ್ನ ಮಗಳ ಓರಗೆಯವಳು. "ಮಾವ, ಒಂದು ಹನಿ ನೀರಲ್ಲಿ ಇಷ್ಟು ದೊಡ್ಡ ಮೀನು ಹೆಂಗೆ ಹಿಡಿಸ್ತು?"

"ನನ್ನ ಕೈಗೆ ಸಿಗೋವೆಲ್ಲ ದೊಡ್ಡವೇ ಕಣಮ್ಮ."

ಅವಳು ದನಿ ತಗ್ಗಿಸಿದಳು. "ನೀವು ತಲೆ ಓರೆ ಇಡ್ತೀರಿ ಮಾವ, ಅದಕ್ಕೇ ಏನೂ ಕಾಣಲ್ಲ. ಮೊದಲ ದಿನಾನೇ ನೋಡಿದೆ. ಹಿಡಿದು ನೇರ ಮಾಡಬೇಕು, ಆದರೆ ನಿಮ್ಮ ತಲೆ ನಾನು ಹೆಂಗೆ ಮುಟ್ಟಲಿ?"

ನಮ್ಮ ಫಿಜಿ ಜನರಲ್ಲಿ ಹಿರಿಯರ ತಲೆಯನ್ನು ಯಾರೂ ಮುಟ್ಟುವುದಿಲ್ಲ. ನನ್ನದನ್ನು ಕೊನೆಗೆ ಸವರಿದವಳು ಅವ್ವ.

"ಮುಟ್ಟು," ಎಂದೆ.

ಅವಳು ನಮ್ಮ ರೂಢಿಯಂತೆ ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿ ಕ್ಷಮೆ ಕೇಳಿ, ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು ನೇರ ಮಾಡಿದಳು.

ಕಂಡಿತು. ಗಾಜಿನಂಥ ಮೈಯವು, ಎಳೆಯಂಥ ಕಾಲಿನವು, ಹೊಟ್ಟೆಯಲ್ಲಿ ಮೊಟ್ಟೆ ಹೊತ್ತು ಈಜುವವು. ಇಷ್ಟು ವರ್ಷ ನನ್ನ ದೋಣಿ ಇವುಗಳ ಮೇಲೇ ಹೋಗುತ್ತಿತ್ತು.

ಹಾಳೆ ತಿರುವಿ ಮತ್ತೆ ಬರೆದೆ. ಲಿತಿಯಾನಾ ಸಹಿ ಹಾಕಿದಳು.

ಊಟಕ್ಕೆ ಕೂತಾಗ ಹೆಂಡತಿ ವಸಿತಿ, "ಇವತ್ತು ಜಂಬ ಕೊಚ್ಚೋದಿಲ್ವಾ?" ಎಂದಳು. ಸಹಿಯಾದ ಚಿತ್ರವನ್ನು ಅವಳ ಮುಂದಿಟ್ಟೆ.

ಒಂದೇ ಹನಿಯಲ್ಲಿ ಅಷ್ಟು ಜೀವ. ಕಿಟಕಿಯಾಚೆ ಇಡೀ ಕಡಲು ಸದ್ದು ಮಾಡುತ್ತಿದೆ, ನಾನು ಇಲ್ಲಿ ಆ ಒಂದು ಹನಿಯನ್ನೇ ನೆನೆಯುತ್ತ ಕೂತಿದ್ದೇನೆ.