ಝೋಲಿಲೆಗೆ ಸಿಗದ ಸಾಲು

ದೊಡ್ಡಕ್ಕನಿಗೆ, ಈ ಕಾರ್ಡಿನಲ್ಲಿ ಹಿಡಿಯುವಷ್ಟು ನಮಸ್ಕಾರ.

ನಮ್ಮ ಪಕ್ಕದ ಮನೆಯ ಝೋಲಿಲೆ, ವಿಶ್ವವಿದ್ಯಾಲಯದ ರಗ್ಬಿ ತಂಡದಿಂದ ಡರ್ಬನ್ನಿನ ದೊಡ್ಡ ಕ್ಲಬ್ಬು ಸೇರಿದವನು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದಿದ್ದಾನೆ. ಮಗ ಟೀವಿಯಲ್ಲಿ ಬಂದನೆಂದು ಅವನಪ್ಪ ಮೊನ್ನೆ ಹೋರಿ ಕಡಿಸಿ ಊಟ ಹಾಕಿದ. ಇಲ್ಲಿಯವರಲ್ಲಿ, ಬೆಟ್ಟದ ಮೇಲೆ ವಾರಗಟ್ಟಲೆ ಇದ್ದು ಗಂಡಸಾಗುವ ದೀಕ್ಷೆ ಮುಗಿಸದವನು ಎಷ್ಟು ಬೆಳೆದರೂ ಹುಡುಗನೇ. ದೀಕ್ಷೆ ಚಳಿಗಾಲದಲ್ಲಿ, ಪಂದ್ಯಗಳೂ ಅದೇ ಹೊತ್ತಿಗೆ, ಹಾಗಾಗಿ ಇವನು ಇನ್ನೂ ಹೋಗಿಲ್ಲ. ಗಂಡಸರ ಸಾಲಿನಲ್ಲಿ ಊಟಕ್ಕೆ ಕೂರಲು ಹೋದವನನ್ನು ಅವನ ಚಿಕ್ಕಪ್ಪ ತಡೆದ.

"ಲೇ, ಆಟದಲ್ಲಿ ಸಲಗ, ಊಟದಲ್ಲಿ ಹುಡುಗ! ಹೋಗು, ಆ ಚಿಳ್ಳೆಗಳ ಜೊತೆ ಕೂತ್ಕೊ."

"ಮುಂದಿನ್ ಚಳೀಲಿ ಬೆಟ್ಟಕ್ಕೆ ಹೋಗ್ತೀನಿ ಚಿಕ್ಕಪ್ಪಾ, ಕ್ಲಬ್ಬಿನೋರು ಬಿಡಲ್ಲ."

"ಕಾಲೇಜ್ ಸೇರಿದಾಗಿಂದ ಇದೇ ಹಾಡು ಕಣೋ. ಗಂಡಸಾಗೋಕೂ ಅವರನ್ನ ರಜೆ ಕೇಳ್ತೀಯಾ?"

ಆ ಆನೆಯಂಥ ಆಳು ಮೊಣಕಾಲುದ್ದದ ಹುಡುಗರ ನಡುವೆ ಕೂತು, ಅವರದೇ ತಟ್ಟೆಗೆ ಕೈಹಾಕಿದ. ಅವನಪ್ಪ ತಲೆಯೆತ್ತಲಿಲ್ಲ.

ನನ್ನ ಕೆಮ್ಮು ಇಳಿದಿದೆ, ಕಷಾಯದ ಪುಡಿ ಕಳಿಸಬೇಡ.

ನಿನ್ನೆ ಕ್ಲಬ್ಬಿನವರು ಝೋಲಿಲೆಗೆ ಫೋನ್ ಮಾಡಿ, ಮಂಡಿ ಕೆಟ್ಟಿತು, ಕರಾರು ಮುಗಿಯಿತು ಅಂದರು. ಇನ್ನು ಚಳಿಗಾಲವೆಲ್ಲ ಅವನದೇ. ಬೆಟ್ಟ ಹತ್ತುವ ಕಾಲು ಮಾತ್ರ ಡರ್ಬನ್ನಿನಲ್ಲೇ ಉಳಿಯಿತು.

ಅವಸರದಲ್ಲಿ,
ನಿನ್ನ ತಮ್ಮ